ಸುಭಾಷ್ ಏನಂದಿದ್ದ

೧೪ ಜನವರಿ ೨೦೦೯, ಬನಹಟ್ಟಿ

ನೂಲಿನ ಅಂಗಡಿಯವರು ಕೊಡುವ ಡೈರಿಯನ್ನು ಪ್ರತಿ ವರ್ಷ ಹೆಂಡತಿ ಪದ್ಮವ್ವ ಹಾಲಿನ ಲೆಕ್ಕಕ್ಕೆಂದು ಎತ್ತಿಟ್ಟುಕೊಳ್ಳುತ್ತಾಳೆ. ಈ ಸಲ ನಾನೇ ಮೊದಲು ಕೈಗೆ ತೆಗೆದುಕೊಂಡೆ. ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಕಡಿಮೆಯಾಗಿದ್ದಾರೆ. ಹೇಳಬೇಕಾದದ್ದನ್ನು ಇಲ್ಲಾದರೂ ಹೇಳಿಕೊಳ್ಳಬಹುದು.

ಇವತ್ತು ಸಂಕ್ರಾಂತಿ. ಹೊಳೆಗೆ ಹೋಗಿ ಸ್ನಾನ ಮಾಡಿ ಬಂದೆವು. ಊಟಕ್ಕೆ ಕೂತಾಗ ತಾಯಿ ಮಗಳು ಏನೋ ಮಾತಾಡಿಕೊಂಡು ನಕ್ಕರು. ಏನು ಎಂದು ಕೇಳಿದೆ. “ಏನಿಲ್ಲ ಬಿಡ್ರಿ” ಅಂದಳು ಪದ್ಮವ್ವ. ಈಚೆಗೆ ಅವಳು ಬಾಯೊಳಗೇ ಗುನುಗುತ್ತಾಳೆ. ಮಗಳು ರಂಜನಾ ಸೋಲಾಪುರದಲ್ಲಿ ಜವಳಿ ಡಿಪ್ಲೊಮಾ ಮುಗಿಸಿ ಬಂದಿದ್ದಾಳೆ. ಕಲಿತವರು ಅರ್ಧ ಮಾತು ನುಂಗುತ್ತಾರೆ ಎಂದು ಕಾಣುತ್ತದೆ.

ಓದಿ ಬಂದ ಹುಡುಗಿ ಮೊದಲು ಮಾಡಿದ ಕೆಲಸವೆಂದರೆ ನಮ್ಮ ಮಗ್ಗದ ಶೆಡ್ಡಿನಲ್ಲಿ ನಿಂತು ಎರಡೂ ಕಿವಿ ಮುಚ್ಚಿಕೊಂಡದ್ದು. ಇದೇ ಸಪ್ಪಳದ ಅನ್ನ ತಿಂದು ಬೆಳೆದವಳು.

೨೩ ಜನವರಿ

ಹುಡುಗಿ ಎಲ್ಲಿಂದಲೋ ರಬ್ಬರಿನ ಬಿರಡೆಗಳನ್ನು ತರಿಸಿದ್ದಾಳೆ. ಕಿವಿಯೊಳಗೆ ಇಟ್ಟುಕೊಂಡು ನೇಯಬೇಕಂತೆ.

“ಅಪ್ಪಾ, ದಿನಾ ಇಷ್ಟು ಸಪ್ಪಳದಾಗ ದುಡದ್ರ ಕಿವಿ ಹೊಕ್ಕಾವು” ಎಂದಳು.

“ಹದಿನಾರನೇ ವರ್ಷದಿಂದ ಇದ್ರಾಗ ಅದೀನಿ. ನನಗೇನಾಗೇತಿ?”

ಅವಳು ತಾಯಿಯ ಮುಖ ನೋಡಿದಳು. ಪದ್ಮವ್ವ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಸುಭಾಷ್ ಕೂಡ ಬಿರಡೆ ಬೇಡವೆಂದ. ನನ್ನ ಎಂಟು ಪವರ್‌ಲೂಮುಗಳಲ್ಲಿ ಹಟಮಾರಿ ಮಗ್ಗಗಳೆಲ್ಲ ಅವನ ಪಾಲಿಗೆ. ಬೀಳಗಿ ಕಡೆಯ ಒಕ್ಕಲುಮಗ. ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋದ ಮೇಲೆ ಹೆಂಡತಿ ಮಂಗಲಾಳನ್ನು ಕರೆದುಕೊಂಡು ಇಲ್ಲಿಗೆ ಬಂದಾಗ ನೂಲಿಗೆ ಗಂಟು ಹಾಕಲೂ ಬರುತ್ತಿರಲಿಲ್ಲ. ನಾನೇ ಕಲಿಸಿದೆ. ಈಗ ಪಕ್ಕದ ರಬಕವಿಯ ಮಗ್ಗದವರು ಅವನನ್ನು ಎಳೆದುಕೊಳ್ಳಲು ನೋಡುತ್ತಾರೆ.

“ಎಳಿ ಹರದದ್ದು ಕಿವಿಗೇ ಮೊದಲ ಗೊತ್ತಾಕ್ಕೈತಿ, ತಂಗಿ. ಕಿವಿ ಮುಚ್ಚಿದ್ರ ನಾ ಹ್ಯಾಂಗ ನೇಯಲಿ?” ಎಂದು ಅವಳಿಗೆ ಹೇಳಿದನಂತೆ. ನನ್ನ ಎದುರಿಗೇ ಹೇಳಿದ್ದಂತೆ. ನನ್ನ ಗಮನ ಬೇರೆಲ್ಲೋ ಇತ್ತು.

೧೧ ಫೆಬ್ರವರಿ

ನೇಕಾರರ ಸಭೆ. ಬಾಗಲಕೋಟೆಯಿಂದ ದೊಡ್ಡ ಅಧಿಕಾರಿ ಬಂದಿದ್ದರು. ಮೈಕು ತೀರ ಕಳಪೆ. ಪಕ್ಕದಲ್ಲಿ ಕೂತಿದ್ದ ಸೀರೆ ವ್ಯಾಪಾರಿ ಗಿರಿಮಲ್ಲಪ್ಪನನ್ನು ನಡುನಡುವೆ ಕೇಳಿ ತಿಳಿದುಕೊಂಡೆ. ದೇಶ ಮುಂದೆ ಬರಬೇಕಾದರೆ ಹೊಸ ಯಂತ್ರ ಬೇಕು, ಹೊಸ ವಿಚಾರ ಬೇಕು. ಅದಕ್ಕಿಂತ ದೊಡ್ಡ ಬಂಡವಾಳ ಎಂದರೆ ಮನುಷ್ಯ ಅಂದರಂತೆ. ಕೇಳಲು ಛಲೋ ಇದೆ. ಬಂಡವಾಳ ಅಂದರೆ ಮಗ್ಗ, ಜಾಗ, ನೂಲು. ಇವತ್ತು ಬಂದು ನಾಳೆ ಬಿಟ್ಟು ಹೋಗುವವನು ಹೇಗೆ ಬಂಡವಾಳವಾದಾನು?

ಆಗ ಹೆಂಗಸರ ಸಾಲಿನಲ್ಲಿ ಯಾರೋ ಎದ್ದು ನಿಂತರು. ನೋಡಿದರೆ ರಂಜನಾ. ಅವಳ ಬಾಯಿ ಆಡುತ್ತಿತ್ತು, ಇಡೀ ಸಭೆ ತಿರುಗಿ ಅವಳನ್ನೇ ನೋಡುತ್ತಿತ್ತು. ಏನಂದಳು ಎಂದು ಗಿರಿಮಲ್ಲಪ್ಪನನ್ನು ಕೇಳಿದೆ.

“ಹೊಸ ಮಗ್ಗ ತರಾಕ ಸರಕಾರದ ಸಹಾಯ ಐತಿ, ಮಗ್ಗ ನಡಸವ್ರಿಗೆ ಕಲಸಾಕ, ಅವ್ರ ಕಣ್ಣು ಕಿವಿ ನೋಡಾಕ ಏನೈತ್ರಿ ಅಂತ ಕೇಳಾಕತ್ತಾಳ, ಮಾರಾಯಾ. ನಿನ್ನ ಮಗಳು ಜೋರ್ ಅದಾಳ.”

ಅಧಿಕಾರಿ ನಕ್ಕು ಏನೋ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ತಿಳಿಯಿತು, ಮಗಳ ಪ್ರಶ್ನೆಗೆ ಅವರು ಉತ್ತರವನ್ನೇ ಕೊಟ್ಟಿರಲಿಲ್ಲ.

೨ ಮಾರ್ಚ್

ರಂಜನಾ ಮಗ್ಗಗಳ ಊರಾದ ಇಚಲಕರಂಜಿಗೆ ಹೋಗಿ ತಗಡಿನ ಸಣ್ಣ ಪಟ್ಟಿಗಳ ಒಂದು ಚೀಲ ತಂದಿದ್ದಾಳೆ. ಉದ್ದಕ್ಕೆ ಬಿಗಿದ ಹಾಸುನೂಲಿನ ಒಂದೊಂದು ಎಳೆಯ ಮೇಲೆ ಒಂದೊಂದು ಪಟ್ಟಿ ಕೂರುತ್ತದೆ. ಎಳೆ ಹರಿದರೆ ಅದರ ಪಟ್ಟಿ ಕೆಳಗೆ ಬಿದ್ದು ಮಗ್ಗ ತಾನಾಗಿ ನಿಲ್ಲುತ್ತದೆ. ನಮ್ಮ ಹಳೆಯ ಮಗ್ಗಕ್ಕೆ ಅದು ಹೊಂದುವುದಿಲ್ಲ ಎಂದು ಎಲ್ಲರೂ ಹೇಳಿದರು. ವೆಲ್ಡಿಂಗ್ ಅಂಗಡಿಯಲ್ಲಿ ಕೂತು, ಎರಡು ಸಲ ಕೆಡಿಸಿ, ಮೂರನೆಯ ಸಲಕ್ಕೆ ಹೊಂದಿಸಿದಳು. ಬೇಕೆಂದೇ ನಾನು ಒಂದು ಎಳೆ ಹರಿದೆ. ಮಗ್ಗ ನಿಂತಿತು. ಇನ್ನೊಂದು ಹರಿದೆ. ಮತ್ತೆ ನಿಂತಿತು.

“ಇನ್ನ ಕಿವಿಗೊಟ್ಟು ಕುಂದರೂದ ಬ್ಯಾಡ” ಎಂದಳು, ನನ್ನ ಕಡೆ ನೋಡಿ.

ಸುಭಾಷ್ ನಗಲಿಲ್ಲ. “ಹಿಂಗಾದ್ರ ಒಬ್ಬಂವ ನಾಕು ಮಗ್ಗ ನೋಡ್ತಾನ. ಉಳದವ್ರು ಏನ್ ಮಾಡಬೇಕ್ರಿ ಮಾಲಕ್ರ?” ಎಂದು ನನ್ನ ಹತ್ತಿರ ಬಂದು ಕೇಳಿದ. ಅವನು ಕೇಳಿದ್ದು ತಪ್ಪಲ್ಲ.

೧೯ ಏಪ್ರಿಲ್

ಮದುವೆಯ ಕಾಲ. ಗಿರಿಮಲ್ಲಪ್ಪ ಫೋನಿನಲ್ಲಿ ಸೀರೆ ಹೇಳಿದ್ದ. ಕಪ್ಪು ಅಂಚು ಅಂದ, ಕಪ್ಪು ಅಂಚೇ ನೇಯಿಸಿದೆ. ಈಗ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಾಡಿದ. “ಕೆಂಪು ಅಂದಿದ್ನೋ ಮಲಕಾಜಪ್ಪಾ! ಮದಿವಿ ಹುಡುಗಿಗೆ ಯಾರಾರ ಕರೇ ಅಂಚು ಉಡಸ್ತಾರೇನೊ?”

ಫೋನಿನ ಲೈನು ಸರಿಯಿರಲಿಲ್ಲ. ಹಾಗೆಂದೇ ಹೇಳಿದೆ. ಸೀರೆಗಳೆಲ್ಲ ಮೂಲೆಯಲ್ಲಿ ಬಿದ್ದಿವೆ. ರಂಜನಾ ಇನ್ನು ಮೇಲೆ ಫೋನು ತಾನೇ ಎತ್ತುತ್ತೇನೆ ಎಂದಳು. ಎತ್ತಲಿ. ನನಗೂ ಬೇರೆ ಕೆಲಸವಿದೆ.

ಪದ್ಮವ್ವ ಈಗ ಗುನುಗುವುದು ಬಿಟ್ಟು ಅರಚುತ್ತಾಳೆ. ಓಣಿಯವರಿಗೆಲ್ಲ ನಮ್ಮ ಮನೆಯ ಮಾತು ಗೊತ್ತಾಗುತ್ತದೆ.

೭ ಮೇ

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ತಲೆಯೊಳಗೆ ಅದೇ ತಿರುಗುತ್ತದೆ.

ನಿನ್ನೆ ಮಧ್ಯಾಹ್ನ ಕರೆಂಟು ಹೋಗಿತ್ತು. ಆ ಹೊತ್ತಿನಲ್ಲಿ ಸುಭಾಷ್ ಒಂದು ಮಗ್ಗದ ಬದಿಗೆ ಕೂತು ಹಲ್ಲಿನ ಚಕ್ರಕ್ಕೆ ಸುತ್ತಿಕೊಂಡಿದ್ದ ನೂಲು ಬಿಡಿಸುತ್ತಿದ್ದ. ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಕರೆಂಟು ಬಂತು, ಬಲ್ಬು ಹತ್ತಿತು. ನಾನು ಮಗ್ಗ ಹಚ್ಚುವ ಹಿಡಿಕೆಯ ಹತ್ತಿರ ನಿಂತು “ಹಚ್ಚಲೇನೋ?” ಎಂದು ಕೇಳಿದೆ. ಅವನು “ನಡೀರಿ” ಅಂದ. ಎಳೆದೆ.

ಬಲಗೈಯ ಮೂರು ಬೆರಳು ಹೋದವು. ಹೆಬ್ಬೆರಳು ಅದರಲ್ಲಿ ಒಂದು. ಜೀಪಿನಲ್ಲಿ ಮಿರಜಿನ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವನು ಬಾಯಿ ತೆರೆದುಕೊಂಡೇ ಇದ್ದ. ಕೂಗುತ್ತಿದ್ದನೋ, ಉಸಿರಿಗಾಗಿ ತೆರೆದಿದ್ದನೋ.

ಅವನು ನಡೀರಿ ಅಂದ. ಸ್ಪಷ್ಟವಾಗಿ ಅಂದ.

೮ ಮೇ

ಅದು ಆದಾಗ ರಂಜನಾ ಶೆಡ್ಡಿನ ಆಚೆ ಮೂಲೆಯಲ್ಲಿದ್ದಳು.

“ಅಪ್ಪಾ, ಆಂವ ತಡೀರಿ ಅಂದ.”

“ನಡೀರಿ ಅಂದ.”

“ತಡೀರಿ ಅಂದ. ಎರಡು ಸಲ ಅಂದ. ನನಗ ಅಲ್ಲಿಗೇ ಕೇಳಸ್ತು.”

“ಹಂಗಾದ್ರ ನಾ ಬೇಕಂತ ಎಳದ್ನೇನು?”

ಅವಳು ಅತ್ತಳು. ನಾನು ಊಟ ಮಾಡದೆ ಎದ್ದುಹೋದೆ. ಅಪ್ಪನ ಮೇಲೆ ಇಂಥ ಮಾತು ಹೊರಿಸಲು ಸೋಲಾಪುರದವರೆಗೆ ಹೋಗಿ ಕಲಿಯಬೇಕಿತ್ತೇ?

೧೫ ಮೇ

ಮಿರಜಿಗೆ ಹೋಗಿ ಬಂದೆ. ಆಸ್ಪತ್ರೆಯ ಖರ್ಚೆಲ್ಲ ನಾನೇ ನೋಡಿಕೊಂಡಿದ್ದೇನೆ. ಸುಭಾಷ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮಂಗಲಾ ಮಾತ್ರ ಇಡೀ ವಾರ್ಡಿಗೆ ಕೇಳುವಂತೆ ಹೇಳಿದಳು.

“ನೀರು ಬಂದು ಹೊಲಾ ಹೋತು, ಮನಿ ಹೋತು, ಬೀರಪ್ಪನ ಗುಡಿ ಸೈತ ಮುಳುಗಿತ್ರಿ. ಇಂವ ಅಳಲಿಲ್ಲ. ಕಸಬು ಕಲತೀನಿ, ಇದನ್ನ ಯಾವ ನೀರೂ ಮುಳಗಸಂಗಿಲ್ಲ ಅಂದಿದ್ದ. ಈಗ ನೋಡ್ರಿ, ಹೆಂಗ ಅಳ್ತಾನ.”

ಹೇಗೆ ಸಂಭವಿಸಿತು ಎಂದು ಪೊಲೀಸರು ಬಂದು ಕೇಳಿದ್ದರಂತೆ. ತನ್ನದೇ ಅಜಾಗರೂಕತೆ ಎಂದು ಸುಭಾಷ್ ಬರೆಸಿದ್ದಾನೆ. ಇದನ್ನು ರಂಜನಾಗೆ ಹೇಳಿದೆ. ನೋಡು, ಅವನೇ ಹೇಳಿದ್ದಾನೆ ಎಂದೆ. ಅವಳ ಬಾಯಿ ಮುಚ್ಚಿಯೇ ಇತ್ತು, ನಾನು ನೋಡಿದೆ.

೩ ಜೂನ್

ನಿದ್ದೆ ಇಲ್ಲ.

೨೨ ಜೂನ್

ರಂಜನಾ ನಾಲ್ಕು ಮಗ್ಗಗಳಿಗೆ ಪಟ್ಟಿ ಕೂರಿಸಿದ್ದಾಳೆ. ಕಂಡಿಕೆ ಸುತ್ತುತ್ತಿದ್ದ ಗುರುಬಾಯಿಗೆ ನೇಯಲು ಕಲಿಸುತ್ತಿದ್ದಾಳೆ. ಹೆಂಗಸರ ಕೈಗೆ ಮಗ್ಗ ಕೊಡುವುದೇ ಎಂದು ಪದ್ಮವ್ವನನ್ನು ಕೇಳಿದೆ. ಅವಳು ನನ್ನ ಮುಖದ ಹತ್ತಿರ ಬಂದು, “ಮದ್ಲಿಂದ ಹೆಂಗಸ್ರ ಕೈಯಾಗ ಅದಾವು. ಕಂಡಿಕಿ ಇಲ್ದ ಒಂದ್ ಮಗ್ಗಾ ನಡಸ್ರಿ, ನೋಡೂನು” ಎಂದಳು.

ಗುರುಬಾಯಿ ಮೊದಲ ವಾರ ಬಟ್ಟೆ ಕೆಡಿಸಿದಳು. ಈಗ ಕೆಡಿಸುವುದಿಲ್ಲ. ಮಗ್ಗ ನಿಂತ ಕೂಡಲೇ ಅವಳ ಕೈ ಹರಿದ ಎಳೆಯ ಕಡೆ ಹೋಗುತ್ತದೆ. ಗಂಟು ಹಾಕುವಾಗ ಕೆಳತುಟಿ ಕಚ್ಚಿಕೊಳ್ಳುತ್ತಾಳೆ. ಸುಭಾಷನೂ ಹೊಸದರಲ್ಲಿ ಹಾಗೆಯೇ ಮಾಡುತ್ತಿದ್ದ.

೧೦ ಜುಲೈ

ಹೋದ ವರ್ಷದ ಜೂನಿಗಿಂತ ಈ ಜೂನಿನಲ್ಲಿ ಮಗ್ಗದಿಂದ ಹೆಚ್ಚು ಬಟ್ಟೆ ಇಳಿದಿದೆ. ದೋಷ ಕಡಿಮೆ. ಗಿರಿಮಲ್ಲಪ್ಪ ಖುಷಿಯಾಗಿದ್ದಾನೆ, ಏನು ಬೇಕಿದ್ದರೂ ರಂಜನಾಳ ಹತ್ತಿರವೇ ಮಾತಾಡುತ್ತಾನೆ.

ಎಂಟು ಮಗ್ಗಕ್ಕೆ ಮೂವರು ಸಾಕು ಎನ್ನುವ ಸ್ಥಿತಿ ಬಂದಿದೆ. ಹಳೆಯ ನೇಕಾರ ತುಕಾರಾಮನಿಗೆ ನಾಳೆಯಿಂದ ಬರಬೇಡ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವನು ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ರಂಜನಾ ಅವನ ಹಿಂದೆ ಓಡಿದಳು. ಪಟ್ಟಿ ಕೂರಿಸುವ ಕೆಲಸ ಕಲಿಸುತ್ತೇನೆ, ಬೇರೆ ಶೆಡ್ಡುಗಳಿಗೆ ಹೋಗಿ ಮಾಡಬಹುದು ಎಂದಳಂತೆ. ಈ ವಯಸ್ಸಿನಲ್ಲಿ ಇನ್ನೇನು ಕಲಿಯಲಿ ಅಂದನಂತೆ. ಇಚಲಕರಂಜಿಗೆ ಹೋಗುತ್ತಾನಂತೆ.

ಅವಳು ವಾಪಸು ಬಂದು ಮೆಟ್ಟಿಲ ಮೇಲೆ ಕೂತಳು. ನನ್ನ ಮಗಳ ಬೆನ್ನು ಇಷ್ಟು ಬಾಗಿದ್ದನ್ನು ನಾನು ನೋಡಿರಲಿಲ್ಲ. ನಾನೂ ಹೋಗಿ ಅವಳ ಪಕ್ಕ ಕೂತೆ.

೨೮ ಜುಲೈ

ಗೋಡೆಯ ಕಡೆ ಮುಖ ಮಾಡಿ ನೂಲಿನ ಗಂಟು ಬಿಚ್ಚುತ್ತಾ ಕೂತಿದ್ದೆ. ಬೆನ್ನ ಹಿಂದೆ ಮಗ್ಗಗಳು ನಡೆದಿದ್ದವು. ಒಳ್ಳೆಯ ಓಟ, ಒಂದೇ ಸಮ. ಮನಸ್ಸಿಗೆ ಸ್ವಲ್ಪ ನೆಮ್ಮದಿ ಅನ್ನಿಸಿತು. ನೀರು ಕುಡಿಯಲೆಂದು ಎದ್ದು ತಿರುಗಿದೆ.

ಎಂಟೂ ಮಗ್ಗ ನಿಂತಿದ್ದವು. ಲಾಳಿಗಳು ಅಲ್ಲಲ್ಲೇ. ಗುರುಬಾಯಿ ನೆಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು. ರೊಟ್ಟಿ ಅರ್ಧ ಮುಗಿದಿತ್ತು. ಕರೆಂಟು ಹೋಗಿ ಬಹಳ ಹೊತ್ತಾಗಿತ್ತು.

ನನ್ನ ಕಿವಿಯಲ್ಲಿ ಮಗ್ಗಗಳು ಇನ್ನೂ ನಡೆಯುತ್ತಿದ್ದವು. ಈಗ ಬರೆಯುವಾಗಲೂ ನಡೆಯುತ್ತಿವೆ.

೨೯ ಜುಲೈ

ಕಿವಿಯ ಡಾಕ್ಟರರು ಎಲ್ಲಿದ್ದಾರೆ ಎಂದು ರಂಜನಾಳನ್ನು ಕೇಳಿದೆ. ಬೇರೆ ಯಾರಿಗೋ ಬೇಕಾಗಿದೆ ಎಂದೆ. ಅವಳು ಯಾರಿಗೆ ಎಂದು ಕೇಳಲಿಲ್ಲ.

೪ ಆಗಸ್ಟ್

ಬಾಗಲಕೋಟೆ. ಒಂದು ಪುಟ್ಟ ಕೋಣೆ, ಗೋಡೆಗೆಲ್ಲ ಮೆತ್ತನೆಯ ಹೊದಿಕೆ. ತಲೆಗೆ ಏನೋ ತೊಡಿಸಿ ಕೈಗೊಂದು ಗುಂಡಿ ಕೊಟ್ಟರು. ಸಪ್ಪಳ ಕೇಳಿದಾಗೆಲ್ಲ ಒತ್ತಬೇಕು. ಗಾಜಿನಾಚೆ ಡಾಕ್ಟರು, ಅವರ ಹಿಂದೆ ರಂಜನಾ.

ಮೊದಲು ದೂರದಲ್ಲಿ ಎಮ್ಮೆ ಒದರಿದಂತೆ ಒಂದು ದಪ್ಪ ದನಿ. ಒತ್ತಿದೆ. ಹಾಗೆಯೇ ಇನ್ನೊಂದೆರಡು. ಆಮೇಲೆ ಏನೂ ಇಲ್ಲ. ಯಂತ್ರ ಸರಿ ಮಾಡಿಕೊಳ್ಳುತ್ತಿರಬೇಕು ಎಂದುಕೊಂಡು ಸುಮ್ಮನೆ ಕೂತೆ. ಎಷ್ಟು ಹೊತ್ತಿಗೆ ಶುರು ಮಾಡುತ್ತಾರೋ ಎಂದು ಗಾಜಿನ ಕಡೆ ನೋಡಿದೆ. ರಂಜನಾ ಸೆರಗಿನಂತೆ ಓಢಣಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಡಾಕ್ಟರು ಬಾಗಿಲು ತೆರೆದು ಮುಗಿಯಿತು ಎಂದರು.

ನಾನು ಕೇಳದ ಸಪ್ಪಳಗಳು ಆ ಕೋಣೆಯಲ್ಲಿ ಬಹಳ ಬಂದು ಹೋಗಿದ್ದವಂತೆ. ಡಾಕ್ಟರು ಕಾಗದದ ಮೇಲೆ ಗೆರೆ ತೋರಿಸಿದರು. ಸ್ವಲ್ಪ ದೂರ ಮಟ್ಟಸವಾಗಿ ನಡೆದು ಆಮೇಲೆ ದಡದಿಂದ ಬಿದ್ದಂತೆ ಕೆಳಗಿಳಿದಿತ್ತು. ಮಾತಿನ ದನಿ ಬರುತ್ತದೆ, ಆದರೆ ಅಕ್ಷರ ಅಕ್ಷರಕ್ಕೆ ಇರುವ ವ್ಯತ್ಯಾಸ ತಿಳಿಯುವುದಿಲ್ಲ. ಉಳಿದದ್ದನ್ನು ತಲೆ ತನಗೆ ಬೇಕಾದಂತೆ ತುಂಬಿಕೊಳ್ಳುತ್ತದೆ ಎಂದರು. ಇದನ್ನೆಲ್ಲ ರಂಜನಾ ನನಗೆ ಬಸ್ಸಿನಲ್ಲಿ ಎದುರು ಸೀಟಿಗೆ ಕೂತು ಬಿಡಿಸಿ ಹೇಳಿದಳು.

“ತ ಮತ್ತ ನ?” ಎಂದು ಕೇಳಿದೆ.

ಅವಳು ಹೌದೆಂದು ತಲೆಯಾಡಿಸಿದಳು.

೬ ಆಗಸ್ಟ್

ಸುಭಾಷನ ಮನೆಗೆ ಹೋಗಿದ್ದೆ. ರಂಜನಾಳನ್ನೂ ಕರೆದುಕೊಂಡೆ. ರಬಕವಿ ರಸ್ತೆಗೆ ಬಾಡಿಗೆಯ ಒಂದೇ ಕೋಣೆ. ಮಂಗಲಾ ಬಾಗಿಲಲ್ಲಿ ನಿಂತಳು, ಒಳಗೆ ಬನ್ನಿ ಎನ್ನಲಿಲ್ಲ. ಅವನೇ ಎದ್ದು ಬಂದು ಚಾಪೆ ಹಾಸಿದ, ಎಡಗೈಯಿಂದ.

ನಾನು ದಾರಿಯಲ್ಲಿ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. “ಸುಭಾಷ್, ನನಗ ಕಿವಿ ಇಲ್ಲಂತ. ನೀ ತಡೀರಿ ಅಂದಿದ್ದಿ” ಎಂದೆ.

ಅವನು ಬಹಳ ಹೊತ್ತು ಮಾತಾಡಿದ. ತಲೆ ಬಗ್ಗಿಸಿಕೊಂಡೇ ಮಾತಾಡಿದ. ಅವನ ಗಡ್ಡ ಅಲುಗುವುದು ಕಾಣುತ್ತಿತ್ತು. ನನಗೆ ಒಂದು ಮಾತೂ ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎನ್ನಲು ಯಾವ ಮುಖ? ಕೊನೆಗೆ ಅವನು ತಲೆ ಎತ್ತಿ, ಎಡ ಅಂಗೈಯನ್ನು ನನ್ನ ಕಡೆ ಚಾಚಿ ಹಿಡಿದ, ರಸ್ತೆಯಲ್ಲಿ ಬಸ್ಸು ನಿಲ್ಲಿಸುವವರಂತೆ. ಅದು ತಿಳಿಯಿತು.

ವಾಪಸು ಬರುವಾಗ ಏನಂದ ಎಂದು ರಂಜನಾಳನ್ನು ಕೇಳಿದೆ. ಹೇಳಲಿಲ್ಲ. ಮತ್ತೆ ಕೇಳಿದೆ. ರಸ್ತೆಯ ಬದಿಗೆ ನಿಂತು ನನ್ನ ಕಡೆ ತಿರುಗಿ ಹೇಳಿದಳು.

“ಮಾಲಕ್ರಿಗೆ ಕಿವಿ ಮಂದ ಅನ್ನೂದು ನನಗ ಗೊತ್ತಿತ್ತು, ಎಲ್ಲಾರಿಗೂ ಗೊತ್ತಿತ್ತು ಅಂದ. ಕೈ ಎತ್ತಿ ತೋರಸಬೇಕಿತ್ತು, ಆದ್ರ ಎರಡೂ ಕೈ ಒಳಗಿದ್ವು ಅಂದ.”

“ಪೊಲೀಸರಿಗೆ ಯಾಕ ಹಂಗ ಹೇಳಿದ್ನಂತ?”

“ಮಾಲಕ್ರ ಹೆಸರು ಹೇಳಿದ್ರ ಹೋದ ಬಟ್ಟು ತಿರಗಿ ಬರತಾವೇನು ಅಂದ.”

೧೭ ಆಗಸ್ಟ್

ಹೋದ ವಾರ, ಶೆಡ್ಡಿಗೆ ಬಂದು ಹೊಸಬರಿಗೆ ಕಲಿಸು, ಸಂಬಳ ಮೊದಲಿನಷ್ಟೇ ಎಂದು ರಂಜನಾ ಸುಭಾಷನನ್ನು ಕೇಳಿಕೊಂಡಳು. ಬಂದ. ಗುರುಬಾಯಿಯ ಪಕ್ಕ ನಿಂತು ಬಾಯಿಂದ ಹೇಳಿಕೊಟ್ಟ. ಒಂದು ಎಳೆ ಹರಿಯಿತು, ಮಗ್ಗ ನಿಂತಿತು. ಅವನ ಬಲಗೈ ತಾನಾಗಿಯೇ ಮುಂದೆ ಹೋಯಿತು. ಹೋದದ್ದನ್ನು ಅವನೇ ನೋಡಿದ. ಕೈಯನ್ನು ಅಂಗಿಯ ಕಿಸೆಗೆ ಇಟ್ಟುಕೊಂಡ.

ಮಧ್ಯಾಹ್ನದ ಮೇಲೆ ಅವನು ಬರಲಿಲ್ಲ. ನಾಲ್ಕು ದಿನ ಬಿಟ್ಟು ತಿಳಿಯಿತು: ಬಾಡಗಂಡಿಯ ಸಕ್ಕರೆ ಕಾರ್ಖಾನೆಯಲ್ಲಿ ಸಂಬಂಧಿಕರು ಕೆಲಸಕ್ಕೆ ಹಚ್ಚಿದ್ದಾರೆ. ರಂಜನಾ ಹೋಗಿ ಕರೆತರುತ್ತೇನೆ ಎಂದಳು. ನಾನು ಬೇಡ ಎಂದೆ. ಅವನಿಗೆ ಈ ಶೆಡ್ಡು ನೋಡಲು ಆಗುವುದಿಲ್ಲ. ಎಷ್ಟು ವರ್ಷ ಹಿಡಿದು ಕಲಿತದ್ದು, ಒಂದು ಹಿಡಿಕೆ ಎಳೆಯುವಷ್ಟರಲ್ಲಿ ಹೋಯಿತು. ಮಗ್ಗ ಕೆಟ್ಟಿದ್ದರೆ ಹೊಸದು ತರುತ್ತಿದ್ದೆ.

ಇವತ್ತಿನಿಂದ ಶೆಡ್ಡಿನಲ್ಲಿ ಒಂದು ಕಟ್ಟಳೆ. ಬಾಯಿಮಾತಿನ ಮೇಲೆ ಯಾರೂ ಮಗ್ಗ ಹಚ್ಚಬಾರದು. ಮಗ್ಗದ ಹತ್ತಿರ ಇರುವವರೆಲ್ಲ ಎದ್ದು ನಿಂತು ಎರಡೂ ಕೈ ಮೇಲೆತ್ತಿ ತೋರಿಸಬೇಕು. ಆಮೇಲೆ ಹಿಡಿಕೆ. ಹುಡುಗರು ನಕ್ಕರು. ನಗಲಿ.

೧೮ ಸೆಪ್ಟೆಂಬರ್

ಬೆಂಗಳೂರಿನಿಂದ ಜವಳಿ ಇಲಾಖೆಯ ಹೆಣ್ಣುಮಗಳೊಬ್ಬಳು ರಂಜನಾ ಮಾಡಿದ ಪಟ್ಟಿಯ ಏರ್ಪಾಡು ನೋಡಲು ಬಂದಿದ್ದಳು. ಬನಹಟ್ಟಿಯಲ್ಲಿ ಈಗ ಇನ್ನೂ ಕೆಲವು ಶೆಡ್ಡಿನವರು ಅದನ್ನು ಕೂರಿಸಿಕೊಂಡಿದ್ದಾರೆ. ಫೋಟೊ ತೆಗೆದಳು. ಹಳೆಯ ಮಗ್ಗದಿಂದಲೇ ಇಷ್ಟು ಹೆಚ್ಚು ಉತ್ಪನ್ನ ಬರುವುದಾದರೆ ದೊಡ್ಡ ಮಾತು ಎಂದಳಂತೆ. ರಂಜನಾ ತಲೆಗೂದಲು ಕೂಡ ಬಾಚದೆ ಎಲ್ಲ ಬಿಡಿಸಿ ತೋರಿಸಿದಳು. ಸೊರಗಿದ್ದಾಳೆ. ಪದ್ಮವ್ವ ಗಂಡಿನ ಮಾತು ಎತ್ತಿದರೆ ಎದ್ದು ಹೋಗುತ್ತಾಳೆ.

ಮಗ್ಗ ಹಚ್ಚುವ ಮೊದಲು ಎಲ್ಲರೂ ಕೈ ಎತ್ತುವುದನ್ನು ನೋಡಿ ಆ ಹೆಣ್ಣುಮಗಳು ನನ್ನ ಹತ್ತಿರ ಬಂದಳು. ಕಾಗದದ ಮೇಲೆ ಕಣ್ಣಿಟ್ಟುಕೊಂಡೇ ಏನೋ ಕೇಳಿದಳು.

“ನನಗ ಕಿವಿ ಕೇಳಂಗಿಲ್ರಿ. ಇತ್ತ ತಿರಗಿ ಮಾತಾಡ್ರಿ” ಎಂದೆ.

ಅವಳು ತಲೆ ಎತ್ತಿ ಮೆಲ್ಲಗೆ ಕೇಳಿದಳು. “ಕೈ ಎತ್ತುವ ಈ ಪದ್ಧತಿ ಯಾರು ತಂದದ್ದು?”

“ಸುಭಾಷ್ ಅಂತರಿ.”

“ಅವರು ಇಲ್ಲಿದ್ದಾರಾ?”

“ಇಲ್ರಿ. ಬಾಡಗಂಡಿಯೊಳಗ ಕಾರ್ಖಾನಿ ಗೇಟ್ ಕಾಯ್ತಾನ.”

ಅವಳ ಪೆನ್ನು ಕಾಗದದ ಮೇಲೆ ನಿಂತಿತ್ತು. ಆ ಮಾತನ್ನು ಅವಳು ಬರೆದುಕೊಳ್ಳಲಿಲ್ಲ.